ಬೆಚ್ಚಗಿಡಿ

ಹದಿನಾಲ್ಕು ಸಲ ರಿಂಗಾದರೂ ಜೊಂಗ್ಸನ್‌ನ ಆ ಮನೆಯಲ್ಲಿ ಯಾರೂ ಫೋನ್ ಎತ್ತಲಿಲ್ಲ. ಸಂಗುಕ್ ರಿಸೀವರ್ ಕೆಳಗಿಟ್ಟ, ಮತ್ತೆ ಎತ್ತಿದ, ಅದೇ ನಂಬರ್ ಒತ್ತಿದ. ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷ. ಐದು ವರ್ಷದ ಅವನ ಮಗಳು ದಾರೆ ಮಲಗುವ ಹೊತ್ತು. ಅವಳ ಪಕ್ಕದಲ್ಲಿ, ರಜಾಯಿಯ ಅಡಿಯಲ್ಲಿ, ಅವನೇ ಕೊಟ್ಟ ಮ್ಯೂಸಿಕ್ ಪ್ಲೇಯರ್ ಚಾರ್ಜ್ ಆಗುತ್ತಿರುವ ಹೊತ್ತೂ ಹೌದು.

ಎದುರಿನ ಕಂಪ್ಯೂಟರಿನಲ್ಲಿ ವೊಂಜು ಊರಿನ ಹೆಂಗಸೊಬ್ಬಳ ಮೇಲ್ ತೆರೆದೇ ಇತ್ತು. 'ನೀವು ಬರೆದ ಹಾಗೇ ಮಾಡಿದ್ದೆ ಸಾರ್. ಗುಬ್ಬಿ ಪ್ಲೇಯರನ್ನು ಚಾರ್ಜಿಗೆ ಹಾಕಿ, ಬೆಚ್ಚನೆ ಮೂಲೆಯಲ್ಲಿ, ರಜಾಯಿ ಮುಚ್ಚಿ ಇಟ್ಟಿದ್ದೆ. ಮಗ ಶಾಲೆಗೆ ಹೋಗಿದ್ದ, ನಮ್ಮ ಪುಣ್ಯ.' ಕೆಳಗೆ ಎರಡು ಫೋಟೊ. ಒಂದರಲ್ಲಿ ರಜಾಯಿಗೆ ಬಿದ್ದ ತಟ್ಟೆಯಗಲದ ಕರಿ ತೂತು. ಇನ್ನೊಂದರಲ್ಲಿ ನೆಲಕ್ಕೆ ಕರಗಿ ಅಂಟಿಕೊಂಡ ಪ್ಲಾಸ್ಟಿಕ್. ಅದು ಗುಬ್ಬಿ ಎಂದು ಗುರುತು ಹಿಡಿಯಲು ಸಂಗುಕ್‌ನಂಥವನೇ ಬೇಕಿತ್ತು.

ಸೋಲ್ ನಗರದ ಯೊಂಗ್ಸಾನ್ ಮಾರುಕಟ್ಟೆಯ ಮೂರನೇ ಮಹಡಿಯಲ್ಲಿ ಕೂತು ಅವನು ಒಂದು ಸುದ್ದಿ ತಾಣಕ್ಕೆ ಬರೆಯುತ್ತಿದ್ದ. ಅಂಗೈಯಲ್ಲಿ ಹಿಡಿಸುವ ಯಂತ್ರಗಳಷ್ಟೇ ಅವನ ಪ್ರಪಂಚ: ಹೊಸ ಪ್ಲೇಯರ್, ಪುಸ್ತಕ ಓದುವ ಹಲಗೆ, ಜೇಬಿನ ನಿಘಂಟು. ಕೊಳ್ಳುವ ಮೊದಲು ಹುಡುಗರು ಅಪ್ಪನನ್ನು ಕೇಳದಿದ್ದರೂ ಸಂಗುಕ್‌ನನ್ನು ಕೇಳುತ್ತಿದ್ದರು. ಈ ಚಳಿಗಾಲದಲ್ಲಿ ಗುಬ್ಬಿ ಎಂಬ ಪುಟ್ಟ ಪ್ಲೇಯರ್ ಬಿಸಿ ದೋಸೆಯ ಹಾಗೆ ಖರ್ಚಾಯಿತು. ಅದರ ಹಿಂದೆಯೇ ದೂರುಗಳೂ ಬಂದವು, ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ ಎಂದು. ಆಗ ಅವನು ತನ್ನ ಅಂಕಣದಲ್ಲಿ ಬರೆದ: 'ಚಳಿಗಾಲದಲ್ಲಿ ಬ್ಯಾಟರಿ ಎಳೆಗೂಸು. ಬೆಚ್ಚಗಿಡಿ.'

ಮೊದಲು ಬರೆದದ್ದು 'ಕೋಟಿನ ಒಳಜೇಬಿನಲ್ಲಿ ಬೆಚ್ಚಗಿಡಿ' ಎಂದೇ. ಆಮೇಲೆ ಓದಿ ನೋಡಿದಾಗ ಆ ಜೇಬು ಮಾತಿನ ಲಯ ಕೆಡಿಸುತ್ತಿದೆ ಅನ್ನಿಸಿ ಹೊಡೆದುಹಾಕಿದ. ವಾಕ್ಯ ಚೆನ್ನಾಯಿತು. ಅದಕ್ಕೆ ತನ್ನ ಬೆನ್ನು ತಾನೇ ತಟ್ಟಿಕೊಂಡಿದ್ದ. ಓದುಗರಿಗೆ ಕೋಟು ಇದೆ ಎಂದು ಯೋಚಿಸಿದ್ದನೇ ಹೊರತು ಅವರ ಮನೆಗೆ ನೆಲ ಇದೆ ಎಂದು ಯೋಚಿಸಿರಲಿಲ್ಲ. ಚಳಿಗೆಂದು ಒಲೆಯ ಶಾಖ ಹಾಯಿಸಿ ಅಡಿಯಿಂದ ಬಿಸಿ ಮಾಡುವ ನೆಲ, ಅದರಲ್ಲೂ ಒಲೆಯ ಕಡೆಯ ಆ ಒಂದು ಮೂಲೆ. ಮಡಚಿದ ರಜಾಯಿ ಯಾವಾಗಲೂ ಅಲ್ಲೇ ಇರುತ್ತದೆ. ತಡವಾಗಿ ಬರುವವರ ಅನ್ನದ ಬಟ್ಟಲು ಅದರಡಿಯಲ್ಲಿ, ಹುಳಿ ಬರಬೇಕಾದ ಹಿಟ್ಟು ಅದರಡಿಯಲ್ಲಿ. ಈ ದೇಶದ ಅಮ್ಮಂದಿರಿಗೆ ಬೆಚ್ಚಗಿಡಿ ಎಂದರೆ ಅವರು ಇನ್ನೆಲ್ಲಿ ಇಡುತ್ತಾರೆ?

ದಾರೆಯ ಗುಬ್ಬಿಯೂ ಅಲ್ಲೇ ಇತ್ತು. ಹೆಂಡತಿ ಮಿರಾನ್‌ಗೆ ಜೊಂಗ್ಸನ್‌ನ ಬೆಟ್ಟದ ಶಾಲೆಗೆ ವರ್ಗವಾದ ಮೇಲೆ ಇವರದು ಶನಿವಾರ ಭಾನುವಾರದ ಸಂಸಾರ. ಮಗಳು ಅಮ್ಮನ ಜೊತೆ. ಅಪ್ಪನ ಕಥೆ ಇಲ್ಲದೆ ನಿದ್ದೆ ಬರದು ಎಂದು ರಚ್ಚೆ ಹಿಡಿದಾಗ, ಅವನು ಗುಬ್ಬಿಯಲ್ಲಿ ಹನ್ನೆರಡು ಕಥೆ ತನ್ನ ದನಿಯಲ್ಲೇ ತುಂಬಿ ಕೊಟ್ಟಿದ್ದ. ಅಂದಿನಿಂದ ಆ ಯಂತ್ರದ ಹೆಸರೇ ಅಪ್ಪ. ಹಗಲು ಮಗುವನ್ನು ನೋಡಿಕೊಳ್ಳುವ ಮನೆ ಒಡತಿ ಗ್ವಾಕ್ ಅಜ್ಜಿ ಕೂಡ ಹೋದ ವಾರ ಫೋನಿನಲ್ಲಿ ನಕ್ಕಿದ್ದಳು: "ನಿನ್ನ ಬರಹ ಓದಿ ಹೇಳಿದ್ಲಪ್ಪ ನಿನ್ನ ಹೆಂಡ್ತಿ. ದಿನಾ ಮಧ್ಯಾಹ್ನ ಅಪ್ಪನ್ನ ಬೆಚ್ಚಗೆ ಮಲಗಿಸ್ತೀನಿ, ಚಿಂತೆ ಮಾಡ್ಬೇಡ." ಆಗ ಅವನೂ ನಕ್ಕಿದ್ದ.

ಮಿರಾನ್‌ಳ ಮೊಬೈಲು ಬಂದ್ ಆಗಿತ್ತು. ಶಾಲೆಯ ಆಫೀಸಿಗೆ ಫೋನ್ ಹಚ್ಚಿದ.

"ಮಿರಾನ್ ಟೀಚರ್ ಕ್ಲಾಸಲ್ಲಿದ್ದಾರೆ," ಎಂದಳು ಗುಮಾಸ್ತೆ. "ಏನ್ ಹೇಳ್ಬೇಕು?"

"ಕರೀರಿ ಅವರನ್ನ. ಈಗ್ಲೇ ಮನೆಗೆ ಓಡೋಕೆ ಹೇಳಿ. ಬೆಂಕಿ ಬೀಳತ್ತೆ."

"ಬಿದ್ದಿದ್ಯಾ, ಬೀಳತ್ತಾ?"

"ಅಕ್ಕಾ, ಮಗು ಒಳಗೆ ಮಲಗಿದೆ. ಹಾಸಿಗೇಲಿರೋ ಪ್ಲೇಯರ್ ಸಿಡಿಯತ್ತೆ. ಮುಟ್ಬೇಡ, ಮಗೂನ ಎತ್ಕೊಂಡು ಹೊರಗೆ ಬಾ ಅಂತ ಹೇಳಿ."

ಗುಮಾಸ್ತೆ ಮತ್ತೇನೂ ಕೇಳಲಿಲ್ಲ. ಅವಳ ಚಪ್ಪಲಿಯ ಸದ್ದು ದೂರವಾಗುವವರೆಗೆ ಅವನು ರಿಸೀವರನ್ನು ಕಿವಿಗೊತ್ತಿ ಹಿಡಿದಿದ್ದ. ಶಾಲೆಯಿಂದ ಮನೆಗೆ ಹತ್ತು ನಿಮಿಷದ ದಾರಿ. ಹಿಮ ಬಿದ್ದಿದ್ದರೆ ಹದಿನೈದು.

ಅಷ್ಟರಲ್ಲಿ ಸಂಪಾದಕ ಗಿಹ್ವಾನ್ ಬಂದು ಮೇಜಿನ ಮೇಲೆ ಕೈಯೂರಿ ನಿಂತ. ಕಾಲೇಜಿನಲ್ಲಿ ಸಂಗುಕ್‌ಗಿಂತ ಮೂರು ವರ್ಷ ಹಿರಿಯ, ಕೆಲಸ ಕೊಡಿಸಿದವನು.

"ನಿಂಗೆ ಬಂದ ಮೇಲ್ ಬಗ್ಗೆ ಗುಬ್ಬಿ ಕಂಪನಿಯವರ ಜೊತೆ ಮಾತಾಡ್ದೆ. ಸೋಮವಾರ ಉತ್ತರ ಕೊಡ್ತಾರಂತೆ. ಅಲ್ಲೀವರ್ಗೂ ಏನೂ ಹಾಕ್ಬೇಡ."

"ಇವತ್ತು ಶುಕ್ರವಾರ ಅಣ್ಣ."

"ಗೊತ್ತಪ್ಪ."

"ಸೋಮವಾರದವರೆಗೆ ಜನ ಮಲಗಲ್ವಾ?"

"ಒಂದೇ ಒಂದು ಮೇಲ್‌ಗೆ ಊರೆಲ್ಲ ಗುಲ್ಲೆಬ್ಬಿಸ್ತೀಯಾ? ಆಯಮ್ಮ ಏನ್ ಮಾಡಿದ್ಲೋ ಏನೋ."

"ನಾನು ಹೇಳಿದ್ದನ್ನ ಮಾಡಿದ್ಲು," ಎಂದ ಸಂಗುಕ್. "ನನ್ನ ಮನೇಲೂ ಅದನ್ನೇ ಮಾಡಿದ್ದಾರೆ. ಯಾರೂ ಫೋನ್ ಎತ್ತಾ ಇಲ್ಲ."

ಗಿಹ್ವಾನ್ ಮೇಜಿನಿಂದ ಕೈ ತೆಗೆದ. ದಾರೆಯನ್ನು ಅವನು ಎತ್ತಿ ಆಡಿಸಿದವನೇ. ಎದುರಿನ ಕುರ್ಚಿ ಎಳೆದು ಕೂತ.

ಕಾಯುವುದೆಂದರೆ ಏನೆಂದು ಸಂಗುಕ್‌ಗೆ ಅಂದು ಗೊತ್ತಾಯಿತು. ಎರಡು ವಾರ ಗುಬ್ಬಿಯನ್ನು ಪರೀಕ್ಷಿಸಿ ಎಷ್ಟು ಗಂಟೆ ಎಷ್ಟು ನಿಮಿಷ ಹಾಡುತ್ತದೆ ಎಂದು ಬರೆದಿದ್ದ. ಎಲ್ಲವೂ ಈ ಮೇಜಿನ ಮೇಲೆ. ಒಂದು ದಿನ, ಒಂದೇ ಒಂದು ದಿನ ಅದನ್ನು ನೆಲದ ಮೇಲಿಟ್ಟು ನೋಡಿದ್ದರೆ ಏನು ಗಂಟು ಹೋಗುತ್ತಿತ್ತು? ಮಗಳು ಮಗ್ಗುಲಾಗಿ ಮಲಗುವವಳು, ಕೆನ್ನೆ ಅದಕ್ಕೆ ತಾಗುವ ಹಾಗೆ. ಆ ಯೋಚನೆಯನ್ನು ಅಲ್ಲಿಂದ ಮುಂದಕ್ಕೆ ಬಿಡಲು ಅವನಿಗೆ ಧೈರ್ಯವಾಗಲಿಲ್ಲ. ಗಡಿಯಾರ ನೋಡಿದ, ನಾಲ್ಕು ನಿಮಿಷ. ಬಹಳ ಹೊತ್ತು ಬಿಟ್ಟು ಮತ್ತೆ ನೋಡಿದ, ಐದು.

ಎರಡು ಗಂಟೆ ಮೂವತ್ತೊಂದಕ್ಕೆ ಮೊಬೈಲು ಅದುರಿತು.

"ರೀ, ಮಗು ನನ್ನ ಕೈಲಿದೆ," ಎಂದಳು ಮಿರಾನ್. ಮೊದಲು ಅಷ್ಟೇ ಹೇಳಿದಳು, ಏದುಸಿರಿನಲ್ಲಿ. ಸಂಗುಕ್ ತಲೆಯನ್ನು ಮೇಜಿಗೆ ಊರಿದ. ಗಿಹ್ವಾನ್ ಅವನ ಹೆಗಲ ಮೇಲೆ ಕೈಯಿಟ್ಟ.

"ಅಜ್ಜಿ ಹಿತ್ತಲಲ್ಲಿ ನಾಲ್ಕು ಜನಾನ ಸೇರಿಸ್ಕೊಂಡು ಉಪ್ಪಿನಕಾಯಿಗೆ ಅಂತ ಕೋಸಿಗೆ ಉಪ್ಪು ಹಾಕ್ತಿದ್ರು, ರೇಡಿಯೊ ಬೇರೆ ಜೋರು. ನಾನು ಬಾಗಿಲು ತೆಗೆದ್ರೆ ಏನೋ ಕೆಟ್ಟ ವಾಸನೆ. ಇವಳು ಎದ್ದು ಕೂತಿದ್ದಾಳೆ. ರಜಾಯಿ ತೆಗೆದು, ಆ ಗುಬ್ಬಿ ಮೇಲೆ ಒದ್ದೆ ಬಟ್ಟೆ ಹಾಕಿ, ಒತ್ತಿ ಹಿಡ್ಕೊಂಡಿದ್ದಾಳೆ ರೀ. ಹೊಟ್ಟೆ ಊದ್ಕೊಂಡಿದೆ ಅದರದು. 'ಸದ್ದು ಮಾಡ್ಬೇಡಮ್ಮ, ಅಪ್ಪಂಗೆ ಜ್ವರ' ಅಂತಾಳೆ ನಂಗೆ."

ಸಂಗುಕ್ ಮೇಜಿನಿಂದ ತಲೆ ಎತ್ತಿದ.

"ಎತ್ಕೊಂಡು ಹೊಸಿಲು ದಾಟಿದೆ, ಅಷ್ಟೇ. ಹಿಂದೆ ಟಪ್ ಅಂತು. ಬಟ್ಟೆ ಹೊತ್ಕೊಳ್ತು. ಅಜ್ಜಿ ಓಡಿ ಬಂದು ಕೋಸಿನ ಉಪ್ಪುನೀರು ತೊಟ್ಟಿ ಸಮೇತ ಸುರಿದ್ರು. ಈಗ ಗಂಡನ್ನ ಕಳ್ಕೊಂಡವರ ಹಾಗೆ ಉಪ್ಪುನೀರಿಗೆ ಅಳ್ತಿದ್ದಾರೆ." ಮಿರಾನ್ ನಗಲು ಹೋದಳು. ಅದು ಅಳುವಾಯಿತು. ಆಮೇಲೆ ಫೋನು ಕೈ ಬದಲಾಯಿಸಿದ ಸದ್ದು.

"ಅಪ್ಪಾ," ಎಂದಳು ದಾರೆ. "ನಿಂಗೆ ಜ್ವರ ಬಿಡ್ತಾ?"

"ಬಿಡ್ತು ಕಂದ."

"ಎಷ್ಟು ಸುಡ್ತಿತ್ತು ಗೊತ್ತಾ? ನನ್ ಕೈಯೆಲ್ಲ ಕೆಂಪು."

ಫೋನ್ ಇಟ್ಟ ಮೇಲೆ ಅವನು ಯಾರನ್ನೂ ಕೇಳಲಿಲ್ಲ. ತನ್ನ ಹಳೆಯ ಅಂಕಣ ತೆಗೆದು ಆ ಸಾಲನ್ನು ಅಳಿಸಿದ. ಅದರ ಜಾಗದಲ್ಲಿ ಬರೆದ: 'ನಾನು ತಪ್ಪು ಬರೆದಿದ್ದೆ. ಗುಬ್ಬಿಯನ್ನು ಹಾಸಿಗೆಯಿಂದ, ಬಿಸಿ ನೆಲದಿಂದ ತಕ್ಷಣ ತೆಗೆಯಿರಿ.' ಗಿಹ್ವಾನ್ ನೋಡುತ್ತಲೇ ಇದ್ದ. "ಸೋಮವಾರ ನಂದೂ ಹೋಗತ್ತೆ, ನಿಂದೂ ಹೋಗತ್ತೆ ಕೆಲಸ," ಎಂದ. ಬೇಡ ಎನ್ನಲಿಲ್ಲ.

ಆದರೆ ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ತನ್ನದೇ ಸಾಲನ್ನು ಅಂತರ್ಜಾಲದಲ್ಲಿ ಹುಡುಕಲು ಕೊಟ್ಟಾಗ ಪುಟದ ಮೇಲೆ ಪುಟ ಬಂತು. ಜನ ಮೆಚ್ಚಿ, ಎತ್ತಿಕೊಂಡು ಹೋಗಿ, ತಮ್ಮ ತಮ್ಮ ಹರಟೆಕಟ್ಟೆಗಳಲ್ಲಿ ಅಂಟಿಸಿದ್ದರು. ವಿದ್ಯಾರ್ಥಿಗಳ ಕಟ್ಟೆ, ಸೈನಿಕರ ಕಟ್ಟೆ, ಗಾಳ ಹಾಕುವವರ ಕಟ್ಟೆ. ಒಂದೊಂದಕ್ಕೂ ಹೋಗಿ ಕೆಳಗೆ ಎಚ್ಚರಿಕೆ ಬರೆಯುತ್ತಾ ಬಂದ. ಐದು ಗಂಟೆಯ ಹೊತ್ತಿಗೆ ಎಲ್ಲಕ್ಕಿಂತ ದೊಡ್ಡದು ಸಿಕ್ಕಿತು, ಎಳೆಮಕ್ಕಳ ಅಮ್ಮಂದಿರ ಕೂಟ. ಅಲ್ಲಿ ಯಾರೋ ಪುಣ್ಯಾತ್ಗಿತ್ತಿ ಅವನ ಮಾತನ್ನು ಇನ್ನಷ್ಟು ತಿದ್ದಿದ್ದಳು: 'ಬ್ಯಾಟರಿ ಎಳೆಗೂಸು. ರಜಾಯಿ ಹೊದಿಸಿ ಬೆಚ್ಚಗಿಡಿ.' ಓದಿದವರು ನಲವತ್ತು ಸಾವಿರದ ಇನ್ನೂರ ಹನ್ನೆರಡು. ಕೆಳಗೆ ಬರೆಯಲು ಹೋದರೆ ಒಳಗೆ ಬಿಡಲಿಲ್ಲ. ಅಮ್ಮಂದಿರಿಗೆ ಮಾತ್ರ.

ಮಿರಾನ್‌ಗೆ ಫೋನ್ ಮಾಡಿದ. ಅವಳು ಆ ಕೂಟದಲ್ಲಿದ್ದಳು. ಮಗಳನ್ನು ಎತ್ತಿಕೊಂಡು ಮತ್ತೆ ಶಾಲೆಗೆ ಹೋಗಿ ಕಂಪ್ಯೂಟರ್ ಮುಂದೆ ಕೂತಳು.

"ಹೇಳಿ, ಏನಂತ ಬರೀಲಿ?"

ವಾಕ್ಯಕ್ಕೆಂದೂ ತಡವರಿಸದವನು ತಡವರಿಸಿದ. "ಇವತ್ತು ನಡೆದದ್ದನ್ನೇ ಬರಿ. ಒದ್ದೆ ಬಟ್ಟೆದು, ಕೈ ಕೆಂಪಾಗಿದ್ದು, ಎಲ್ಲಾ. ಏನೂ ಬಿಡ್ಬೇಡ. ಉದ್ದ ಆದ್ರೆ ಆಗ್ಲಿ."

ಕೀಲಿಗಳ ಸದ್ದು ಬಹಳ ಹೊತ್ತು ಕೇಳಿತು. ಕೆಳಗೆ ಅಂಗಡಿಗಳವರು ಬಾಗಿಲೆಳೆದು ಮನೆಗೆ ಹೊರಟಿದ್ದರು. ಇನ್ನೊಂದು ಗಂಟೆಗೆ ಊರಿನ ಎಲ್ಲ ಮನೆಗಳ ನೆಲ ಕಾಯುತ್ತದೆ, ಮಕ್ಕಳ ಹಾಸಿಗೆಗಳು ಬಿಚ್ಚಿಕೊಳ್ಳುತ್ತವೆ.

"ಹಾಕ್ದೆ," ಎಂದಳು ಮಿರಾನ್.

"ಎಷ್ಟು ಜನ ಓದಿದ್ರು?"

"ಈಗ ತಾನೇ ಹಾಕಿದ್ದು ರೀ." ಸ್ವಲ್ಪ ಹೊತ್ತು ಬಿಟ್ಟು, "ಒಬ್ರು."

ಅವನು ಕಾದ.

"ಇಬ್ರು."

ಅವಳು ಮತ್ತೆ ಮತ್ತೆ ಕೀಲಿ ಒತ್ತುವುದು ಅವನಿಗೆ ಕೇಳುತ್ತಿತ್ತು.

"ಇನ್ನೂ ಇಬ್ರೇ," ಎಂದಳು.