ಲಿನ್‌ಳ ಬಾಣಂತನ

ಪದ್ಮಾವತಿಯವರು ಸೊಸೆಯ ಬಾಣಂತನಕ್ಕೆಂದು ಮೈಸೂರಿನಿಂದ ಆಕ್ಲೆಂಡಿಗೆ ಹೊರಟಾಗ ಅರ್ಧ ಸೂಟ್‌ಕೇಸು ಅಂಟಿನುಂಡೆ, ಮೆಂತ್ಯದ ಹಿಟ್ಟು, ಒಣಶುಂಠಿಯಿಂದಲೇ ತುಂಬಿತ್ತು. ವಿಮಾನ ನಿಲ್ದಾಣದ ತಪಾಸಣೆಯವರು ಎಲ್ಲವನ್ನೂ ಬಿಚ್ಚಿ ನೋಡಿ, ಕೆಲವನ್ನು ತೆಗೆದಿಟ್ಟುಕೊಂಡು, ಉಳಿದದ್ದನ್ನು ಬಿಟ್ಟರು.

ಹಾಗೆ ನೋಡಿದರೆ ಬರಬೇಕಾಗಿದ್ದವರು ಸೊಸೆ ಲಿನ್‌ಳ ತಾಯಿ ಹಾನ್. ವಿಯೆಟ್ನಾಮಿನ ಹ್ವೇ ಊರಿನವರು. ಟಿಕೆಟ್ ತೆಗೆದು ದಿನ ಎಣಿಸುತ್ತಿದ್ದಾಗ ಮಾರುಕಟ್ಟೆಯಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡರು. ಮಗ ತನ್ಮಯ್ ಫೋನ್ ಮಾಡಿ, "ಅಮ್ಮಾ, ನೀನೇ ಬರ್ಬೇಕು" ಅಂದಾಗ ಪದ್ಮಾವತಿಯವರು ಎರಡನೆಯ ಮಾತಾಡಲಿಲ್ಲ. ತನ್ಮಯ್ ಆಕ್ಲೆಂಡಿನ ಆಲ್ಬನಿಯಲ್ಲಿ ಓದುವಾಗ ಲಿನ್‌ಳನ್ನು ಮೆಚ್ಚಿ ಮದುವೆಯಾಗಿದ್ದ. ಈಗ ಅದೇ ಊರಿನ ಈಸ್ಟ್ ತಮಾಕಿಯ ಒಂದು ಕಾರ್ಖಾನೆಯಲ್ಲಿ ಎಂಜಿನಿಯರ್. ಮನೆ ಮೌಂಟ್ ಆಲ್ಬರ್ಟಿನಲ್ಲಿ.

ಸಿಸೇರಿಯನ್ ಆಗಿ ಹೆಣ್ಣು ಮಗು ಹುಟ್ಟಿತ್ತು. ಪದ್ಮಾವತಿಯವರು ಬೆಳಿಗ್ಗೆ ಎದ್ದು ಸಬ್ಬಸಿಗೆ ಸೊಪ್ಪಿನ ಸಾರು, ಮೆಣಸಿನ ಸಾರು, ತುಪ್ಪದನ್ನ ಮಾಡುತ್ತಿದ್ದರು. ಲಿನ್ ಎರಡು ಚಮಚ ತಿಂದು, "ಥ್ಯಾಂಕ್ಯೂ ಅಮ್ಮಾ" ಎಂದು ತಟ್ಟೆ ಸರಿಸಿ ಗೋಡೆ ಕಡೆ ತಿರುಗಿ ಮಲಗುತ್ತಿದ್ದಳು. ಮೊದಲ ವಾರ ನೋವಿಗೆ ಎಂದುಕೊಂಡರು. ಎರಡನೆಯ ವಾರವೂ ಹಾಗೇ ಆಯಿತು. ಮೂರನೆಯ ವಾರ ಮನೆಗೆ ಬಂದ ಸೂಲಗಿತ್ತಿ ಮಗುವನ್ನು ತಕ್ಕಡಿಯಲ್ಲಿಟ್ಟು, ಹಿಂದಿನ ವಾರದ ತೂಕಕ್ಕಿಂತ ಏನೂ ಹೆಚ್ಚಿಲ್ಲವೆಂದಳು. "ತಾಯಿ ಊಟ ಮಾಡಬೇಕು. ಅವಳ ಮನಸ್ಸೂ ಕುಗ್ಗಿದೆ, ಡಾಕ್ಟರಿಗೆ ನಾನು ತಿಳಿಸ್ತೀನಿ" ಎಂದು ಹೇಳಿ ಹೋದಳು.

ಆ ಸಂಜೆ ಲಿನ್ ತಾಯಿಯೊಂದಿಗೆ ಫೋನಿನಲ್ಲಿ ಅಳುತ್ತಿದ್ದುದು ಕೇಳಿಸಿತು. ಭಾಷೆ ತಿಳಿಯದಿದ್ದರೂ 'ಬಾನ್ ಬಾವ್' ಎಂಬ ಮಾತು ಮತ್ತೆ ಮತ್ತೆ ಬಂದದ್ದು ಪದ್ಮಾವತಿಯವರ ಕಿವಿಗೆ ಬಿತ್ತು.

"ಏನೋ ಅದು?" ಎಂದು ಮಗನನ್ನು ಕೇಳಿದರು.

"ಹಬೇಲಿ ಬೇಯ್ಸೋ ಬನ್ನು ಅಮ್ಮಾ. ಹುಷಾರಿಲ್ದಾಗ ಅವರಮ್ಮ ಮಾಡ್ಕೊಡೋರಂತೆ. ನಾನು ಅಂಗಡಿಯಿಂದ ತಂದೆ, ಅರ್ಧ ತಿಂದು ಬಿಟ್ಳು."

"ಒಳಗೆ ಏನಿರತ್ತೆ?"

ತನ್ಮಯ್ ನೆಲ ನೋಡಿದ. "ಹಂದಿ ಮಾಂಸ."

ಪದ್ಮಾವತಿಯವರ ಅಡುಗೆಮನೆಗೆ ಮದುವೆಯಾದ ಮೂವತ್ತೆಂಟು ವರ್ಷದಲ್ಲಿ ಮೊಟ್ಟೆಯೂ ಬಂದಿರಲಿಲ್ಲ. ಅವರು ಪಾತ್ರೆ ತೊಳೆದಿಟ್ಟರು. ಮಗುವನ್ನು ಎತ್ತಿಕೊಂಡು ಸ್ವಲ್ಪ ಹೊತ್ತು ಓಡಾಡಿದರು. ಆಮೇಲೆ ಅಂದರು:

"ನಾಳೆ ಆಫೀಸಿಗೆ ಹೋಗೋ ಮುಂಚೆ ಬೇಕಾಗಿದ್ದೆಲ್ಲ ತಂದ್ಕೊಡು. ಅವರಮ್ಮನ್ಗೆ ವೀಡಿಯೋ ಕಾಲ್ ಹಾಕೋದು ಹೇಗೆ ಅಂತ್ಲೂ ತೋರ್ಸು."

"ಅಮ್ಮಾ, ನೀನು ಮುಟ್ಬೇಡ. ನಾನೇ ಶನಿವಾರ..."

"ಶನಿವಾರದ್ ತನ್ಕ ಆ ಹುಡುಗಿ ಉಪವಾಸ ಇರ್ಬೇಕೇನೋ?"

ಮರುದಿನ ಮಧ್ಯಾಹ್ನ ಅಕ್ಕಿ ಡಬ್ಬಿಗೆ ಒರಗಿಸಿಟ್ಟ ಫೋನಿನಲ್ಲಿ ಹಾನ್ ಕಾಣಿಸಿಕೊಂಡರು. ಪ್ಲಾಸ್ಟರ್ ಹಾಕಿದ ಕಾಲನ್ನು ಸ್ಟೂಲಿನ ಮೇಲೆ ಚಾಚಿ, ತಮ್ಮೆದುರೂ ಒಂದು ಬೋಗುಣಿ ಹಿಟ್ಟು ಇಟ್ಟುಕೊಂಡಿದ್ದರು. ಇಬ್ಬರಿಗೂ ಗೊತ್ತಿದ್ದ ಭಾಷೆ ಒಂದೂ ಇರಲಿಲ್ಲ. ಹಾನ್ ನಾದಿದರೆ ಪದ್ಮಾವತಿ ನಾದಿದರು. ಹಾನ್ ಕೆನ್ನೆ ಮುಟ್ಟಿ ತೋರಿಸಿದರು. ಹಿಟ್ಟು ಅಷ್ಟು ಮೆತ್ತಗಿರಬೇಕೆಂದು ಪದ್ಮಾವತಿಗೆ ಗೊತ್ತಾಯಿತು. ಹಬೆಯ ನೀರು ಬನ್ನಿನ ಮೇಲೆ ತೊಟ್ಟಿಕ್ಕದಂತೆ ಅವರು ತಾವಾಗಿಯೇ ಇಡ್ಲಿ ಪಾತ್ರೆಯ ಮುಚ್ಚಳಕ್ಕೆ ಬಟ್ಟೆ ಕಟ್ಟಿದ್ದನ್ನು ಕಂಡು ಹಾನ್ ಚಪ್ಪಾಳೆ ತಟ್ಟಿದರು.

ಕಷ್ಟವಾದದ್ದು ಮಾಂಸ. ಸೆರಗನ್ನು ಮೂಗಿಗೆ ಸುತ್ತಿಕೊಂಡು, ಪಾತ್ರೆ ತೊಳೆಯುವ ಗ್ಲೌಸು ಹಾಕಿಕೊಂಡು ಕೊಚ್ಚಿದ ಮಾಂಸಕ್ಕೆ ಈರುಳ್ಳಿ, ಅಣಬೆ, ಮೆಣಸಿನಪುಡಿ, ಮೀನಿನ ಸಾಸ್ ಕಲಸಿದರು. ನಡುವೆ ಒಮ್ಮೆ ಹಿತ್ತಲಿಗೆ ಹೋಗಿ ಗಾಳಿಗೆ ನಿಂತು ಬಂದರು. ಹಾನ್ ಒಂದು ಚೂರನ್ನು ಹುರಿದು ಬಾಯಿಗೆ ಹಾಕಿಕೊಳ್ಳುವ ಹಾಗೆ ತೋರಿಸಿ, ರುಚಿ ನೋಡಿ ಎಂದು ಸನ್ನೆ ಮಾಡಿದರು. ಪದ್ಮಾವತಿಯವರಿಗೆ ಅದೊಂದು ಮಾತ್ರ ಆಗದು.

ಅವರು ಒಂದು ಚೂರನ್ನು ಹುರಿದು, ಬಟ್ಟಲಿನಲ್ಲಿ ಹಾಕಿಕೊಂಡು ಲಿನ್‌ಳ ಕೋಣೆಗೆ ಹೋದರು. ತಮ್ಮ ಶಾಲೆಯ ಇಂಗ್ಲಿಷಿನಲ್ಲಿ, "ಉಪ್ಪು ಸರಿ ಇದೆಯಾ ನೋಡು. ನನಗೆ ಗೊತ್ತಾಗಲ್ಲ" ಅಂದರು.

ಲಿನ್ ಎದ್ದು ಕೂತು ಬಟ್ಟಲನ್ನೂ ಅತ್ತೆಯ ಗ್ಲೌಸನ್ನೂ ನೋಡಿದಳು. "ನೀವು... ಮಾಡಿದ್ರಾ?"

"ಮೊದ್ಲು ತಿನ್ನು."

ತಿಂದಳು. "ಮೆಣಸು ಕಮ್ಮಿ."

ಮೆಣಸು ಹಾಕಿ ಮತ್ತೆ ತಂದರು. ಈಗ ಸ್ವಲ್ಪ ಸಕ್ಕರೆ ಬೇಕೆಂದಳು. ಮೂರನೆಯ ಸಲ ಬಟ್ಟಲು ಹಿಡಿದು ಹೊರಡುವಷ್ಟರಲ್ಲಿ ಲಿನ್‌ಳೇ ಹೊಟ್ಟೆಗೆ ಕೈ ಒತ್ತಿಕೊಂಡು, ಗೋಡೆ ಹಿಡಿದು ಅಡುಗೆಮನೆಗೆ ಬಂದಳು. ಫೋನಿನೊಳಗಿಂದ ಹಾನ್ ಮಗಳನ್ನು ಕಂಡು ಏನೋ ಕೂಗಿದರು. ಲಿನ್ ಅಳುತ್ತಲೇ ಉತ್ತರ ಕೊಟ್ಟಳು, ಅಳುತ್ತಲೇ ಕುರ್ಚಿ ಎಳೆದು ಕೂತು ಹಿಟ್ಟಿನ ಬಿಲ್ಲೆಯೊಳಗೆ ಹೂರಣ ಇಟ್ಟು ನಿರಿಗೆ ಹಿಡಿಯತೊಡಗಿದಳು. ಪದ್ಮಾವತಿಯವರ ಬನ್ನುಗಳು ಕಡುಬಿನ ಹಾಗೆ ಆಗುತ್ತಿದ್ದವು. ಲಿನ್ ಒಂದನ್ನು ಎತ್ತಿ ತಾಯಿಗೆ ತೋರಿಸಿದಳು. ಮೂರೂ ಜನ ನಕ್ಕರು.

ಅಂದು ಲಿನ್ ಎರಡು ಬನ್ ತಿಂದಳು.

ಸಂಜೆ ಪದ್ಮಾವತಿಯವರು ಸ್ನಾನ ಮಾಡಿ, ಮೈಸೂರಿನಲ್ಲಿದ್ದ ಗಂಡ ರಾಮಮೂರ್ತಿಗೆ ಫೋನ್ ಮಾಡಿ ನಡೆದದ್ದನ್ನು ಮುಚ್ಚಿಡದೆ ಹೇಳಿದರು.

"ಊಟ ಮಾಡಿದ್ಳೇನು?" ರಾಮಮೂರ್ತಿ ಕೇಳಿದರು.

"ಮಾಡಿದ್ಳು."

"ಸರಿ ಬಿಡು ಮತ್ತೆ."

ಒಂದೇ ದಿನಕ್ಕೆ ಎಲ್ಲ ಸರಿಹೋಗಲಿಲ್ಲ. ಲಿನ್ ಕೆಲವು ದಿನ ಮತ್ತೆ ಮಂಕಾಗಿ ಮಲಗುತ್ತಿದ್ದಳು. ಡಾಕ್ಟರು ಬರೆದುಕೊಟ್ಟ ಮಾತ್ರೆ ಶುರುವಾಯಿತು. ಆದರೆ ದಿನ ಬಿಟ್ಟು ದಿನ ಮೂವರ ಅಡುಗೆ ನಡೆಯಿತು. ಮುಂದಿನ ವಾರ ಸೂಲಗಿತ್ತಿ ತಕ್ಕಡಿಯ ಮೇಲಿನ ಮಗುವನ್ನು ನೋಡಿ, "ನೂರಾ ಎಂಬತ್ತು ಗ್ರಾಂ ಜಾಸ್ತಿ!" ಎಂದಳು.

ಮಗುವಿಗೆ ತಿಂಗಳು ತುಂಬಿದ ದಿನ ವಿಯೆಟ್ನಾಮಿನವರು ಊಟ ಹಾಕುತ್ತಾರಂತೆ. ಸುಟ್ಟ ಹಂದಿ ಮಾಂಸದ ನೂಡಲ್ಸ್ ಆಗಬೇಕೆಂದು ಲಿನ್ ತಾನೇ ಬಾಯಿಬಿಟ್ಟು ಕೇಳಿದಳು. ಮಜ್ಜಿಗೆಹುಲ್ಲು, ಬೆಳ್ಳುಳ್ಳಿ ಅರೆದು ಮಾಂಸಕ್ಕೆ ಹಚ್ಚಿ ನೆನೆಸಿಟ್ಟವಳೂ ಅವಳೇ. ತನ್ಮಯ್ ಹಿತ್ತಲಿನ ಬಾರ್ಬೆಕ್ಯೂ ಮುಂದೆ ಬೆವರುತ್ತಾ ನಿಂತ. ಲಿನ್ ಅಕ್ಕಿ ನೂಡಲ್ಸಿನ ಪ್ಯಾಕೆಟ್ಟು ತೆಗೆಯಲು ಹೋದಾಗ ಪದ್ಮಾವತಿಯವರು ತಡೆದರು.

"ಇದಕ್ಕೆ ಪ್ಯಾಕೆಟ್ ಯಾಕೆ? ಇದು ನಮ್ಮ ಒತ್ತುಶಾವಿಗೆ ತಾನೆ!"

ಚಕ್ಕುಲಿ ಒರಳಿನಲ್ಲೇ ಬಿಸಿಬಿಸಿ ಶಾವಿಗೆ ಒತ್ತಿದರು. ಬಟ್ಟಲುಗಳಿಗೆ ಶಾವಿಗೆ, ಪುದೀನ, ಸೌತೆಕಾಯಿ, ಕುಟ್ಟಿದ ಕಡಲೆಕಾಯಿ ಬೀಜ ಬಿದ್ದವು. ಪದ್ಮಾವತಿಯವರು ತಮ್ಮ ಬಟ್ಟಲಿಗೆ ಮಾಂಸ ಹಾಕಿಕೊಳ್ಳದೆ ನಿಂಬೆರಸ ಹಿಂಡಿಕೊಂಡರು.

ಫೋನಿನಲ್ಲಿ ಹಾನ್ ಏನೋ ಹೇಳಿ ಕಾಲು ಎತ್ತಿ ತೋರಿಸಿದರು. ಪ್ಲಾಸ್ಟರ್ ಇರಲಿಲ್ಲ.

"ಮುಂದಿನ ತಿಂಗಳ ಕೊನೆಗೆ ಬರಬಹುದಂತೆ" ಎಂದಳು ಲಿನ್. "ಅಷ್ಟರಲ್ಲಿ ನೀವು ಹೊರಟುಬಿಡ್ತೀರಲ್ಲ ಅಂತ ಕೇಳ್ತಿದ್ದಾರೆ."

ಪದ್ಮಾವತಿಯವರು ಹಿತ್ತಲಿನ ಕಡೆ ಕೂಗಿದರು: "ತನ್ಮಯ್, ನನ್ ಟಿಕೆಟ್ಟು ಮುಂದಕ್ಕೆ ಹಾಕ್ಸೋಕಾಗತ್ತಾ ನೋಡೋ. ಅವರನ್ನ ಏರ್‌ಪೋರ್ಟಿಂದ ನಾನೇ ಕರ್ಕೊಂಡ್ಬರ್ಬೇಕು."

ಲಿನ್ ಅದನ್ನು ತಾಯಿಗೆ ಅವರ ಭಾಷೆಯಲ್ಲಿ ಹೇಳುತ್ತಾ, ಇನ್ನೊಂದು ಹಿಡಿ ಶಾವಿಗೆಗೆ ಬಟ್ಟಲು ಮುಂದೆ ಚಾಚಿದಳು.