ಭಂಡಾರ ಬಿದ್ದ ಕಾನೂನು

ದೇವರನ್ನು ಸಾಕ್ಷಿಗೆ ಕರೆದು ಆಡಿದ ಆಟ ಆಟವಾಗಿ ಉಳಿಯುವುದಿಲ್ಲ. ಇದು ಪೂರ್ಣಿಮಾ ಟೀಚರಿಗೆ ಗೊತ್ತಿರಲಿಲ್ಲ ಎಂದಲ್ಲ. ಬೀಳಗಿಯಿಂದ ದಿನಾ ಬಸ್ಸು ಹತ್ತಿ, ಹಿನ್ನೀರಿನ ದಂಡೆಯ ಆ ಊರಿಗೆ ಕಲಿಸಲು ಬರುತ್ತ ವರ್ಷಗಳೇ ಕಳೆದಿದ್ದವು. ಆದರೂ ಅವತ್ತು ಹೇಗೋ ಮರೆತುಬಿಟ್ಟಳು.

ಮಸೂದೆ ಕಾನೂನಾಗುವ ಪಾಠ ನಡೆದಿತ್ತು. "ಈ ಖೋಲಿನೇ ವಿಧಾನಸಭೆ, ನೀವ ಶಾಸಕರು. ವರ್ಗಕ್ಕ ಏನ್ ನಿಯಮ ಬೇಕೋ ತರ್ರಿ ನೋಡೂಣು" ಎಂದಳು. ಏಳನೆಯ ತರಗತಿಯ ಮಕ್ಕಳಿಗೆ ಅಷ್ಟೇ ಸಾಕಿತ್ತು. ತುಂಟ ಅಂದಾನೆಪ್ಪ ಗಣಿತವನ್ನೇ ಬಂದ್ ಮಾಡುವ ಮಸೂದೆ ತಂದ. ಅದು ನಗೆಯಲ್ಲೇ ಬಿದ್ದುಹೋಯಿತು. ಆಮೇಲೆ ಸಿದ್ದಕ್ಕ ಎದ್ದಳು. ಕುರಿಗಾರರ ಮನೆಯ ಹುಡುಗಿ, ಹತ್ತು ಸಲ ಕೇಳಿದರೆ ಒಂದು ಸಲ ಬಾಯಿ ಬಿಡುವಾಕೆ.

"ತಿಂಗಳಾನಗಟ್ಲೆ ಸಾಲಿ ತಪ್ಪಿಸಿದವ್ರನ್ನ ಮತ್ತ ವರ್ಗದಾಗ ಕರಕೋಬಾರದ್ರಿ."

ಎಲ್ಲ ಕೈಗಳೂ ಮೇಲೆದ್ದವು. "ಪಾಸಾತು. ಇನ್ನ ರಾಜ್ಯಪಾಲರ ಸಹಿ ಬಿದ್ರ ಕಾನೂನು" ಎಂದಳು ಟೀಚರು.

"ಸಹಿ ಯಾಕ್ರಿ ಅಕ್ಕೋರ? ನಮ್ಮ ಬೀರಪ್ಪನ ಗುಡ್ಯಾಗ ಭಂಡಾರ ಹಾರಿಸಿದ್ರ ಮುಗೀತ್ರಿ. ಆ ಮಾತು ಯಾರೂ ಮುರಿಯಂಗಿಲ್ಲ" ಎಂದಳು ಸಿದ್ದಕ್ಕ.

ಕುರಿಗಾರರ ದೇವರು ಬೀರಪ್ಪನ ಮುಂದಿನ ಅರಿಶಿನದ ಪುಡಿಯೇ ಭಂಡಾರ. ಸಿದ್ದಕ್ಕ ಕಾಗದದಲ್ಲಿ ಕಟ್ಟಿ ತಂದಿದ್ದಳು. ಹುಡುಗರ ಬುದ್ಧಿಗೆ ಹಿಗ್ಗಿ ಪೂರ್ಣಿಮಾ ತಾನೇ ಅದನ್ನು ಮೇಲಕ್ಕೆ ತೂರಿದಳು. ಚಪ್ಪಾಳೆಯೋ ಚಪ್ಪಾಳೆ. ಸೀರೆಯ ಸೆರಗೆಲ್ಲ ಹಳದಿಯಾಗಿ, ಖುಷಿಯಿಂದ ಬಸ್ಸು ಹತ್ತಿದಳು.

ಕೆಲವು ವಾರಗಳ ಮೇಲೆ ಒಂದು ಮುಂಜಾನೆ, ಪ್ರಾರ್ಥನೆ ಮುಗಿದು ಹಾಜರಿ ಕರೆಯುವ ಹೊತ್ತಿಗೆ ಬಾಗಿಲಲ್ಲಿ ಭೀಮಶಿ ನಿಂತಿದ್ದ. ಸಿದ್ದಕ್ಕನ ದೊಡ್ಡಪ್ಪನ ಮಗ, ಇದೇ ವರ್ಗದವನು. ದೀಪಾವಳಿಯ ಮರುವಾರ ಅಪ್ಪನ ಹಿಂದೆ ಕುರಿ ಹೊಡೆದುಕೊಂಡು ಹೋದವನು ತಿಂಗಳುಗಟ್ಟಲೆ ಕಳೆದು ಈಗ ಬಂದಿದ್ದ. ಹಿಂದೆ ಹೆಗಲಿಗೆ ಕಂಬಳಿ ಹಾಕಿಕೊಂಡ ಅಪ್ಪ ಜಕ್ಕಪ್ಪ.

"ಬಾರೋ ಭೀಮಶಿ, ಒಳಗ ಬಾ."

"ಬರಂಗಿಲ್ರಿ ಅಕ್ಕೋರ, ಕಾನೂನು ಐತಿ" ಎಂದ ಅಂದಾನೆಪ್ಪ.

ಪೂರ್ಣಿಮಾ ನಕ್ಕಳು. ಅವಳ ಜೊತೆ ಒಬ್ಬರೂ ನಗಲಿಲ್ಲ.

"ಎಂಥಾ ಕಾನೂನು ಲೇ?" ಎಂದು ಜಕ್ಕಪ್ಪ ಕೇಳಿದ. ಹುಡುಗರು ಹೇಳಿದರು. ಭಂಡಾರದ ಮಾತು ಬಂದದ್ದೇ ತಡ, ಅವನು ಕಾಲಿನ ಚಪ್ಪಲಿ ಬಿಟ್ಟು ನಿಂತ.

"ಹಾರಿಸಿದವ್ರು ಯಾರು?"

ಎಲ್ಲರ ಕಣ್ಣೂ ಟೀಚರ ಕಡೆ ತಿರುಗಿದವು.

"ಆತು. ಬೀರಪ್ಪನ ಮನಸಿನ್ಯಾಗ ಹಿಂಗ ಇತ್ತೇನೋ" ಎಂದ ಜಕ್ಕಪ್ಪ ಮಗನ ಭುಜ ಹಿಡಿದು ತಿರುಗಿಸಿದ. "ನಡಿ ತಮ್ಮಾ. ಇನ್ನ ಕುರಿ ಹಿಂಡ ನಿನ್ನ ಸಾಲಿ."

ಪೂರ್ಣಿಮಾ ಹಾಜರಿ ಪುಸ್ತಕ ಬಿಟ್ಟು ಎದ್ದಳು. ಈ ಮೆಟ್ಟಿಲು ಇಳಿದರೆ ಹುಡುಗ ಮತ್ತೆ ಹತ್ತುವವನಲ್ಲ. "ಯಜಮಾನ್ರ, ನಿಂದರ್ರಿ! ಯಾವ ಕೂಸನ್ನೂ ಸಾಲಿಯಿಂದ ಹೊರಗ ಹಾಕಬಾರದು ಅಂತ ದೇಶದ ಕಾನೂನ ಐತಿ. ಅದರ ಮುಂದ ನಮ್ಮದು ನಡಿಯಂಗಿಲ್ಲ."

"ಆ ಕಾನೂನಿನ ಮ್ಯಾಲ ಭಂಡಾರ ಬಿದ್ದೈತೇನ್ರಿ?"

ಚೇಷ್ಟೆಯ ಮಾತಲ್ಲ ಅದು, ಖರೆಯಾಗಿಯೇ ಕೇಳಿದ್ದ.

ಆಗ ಸಿದ್ದಕ್ಕ ಬೋರಾಡಿ ಅತ್ತಳು. "ನಿನ್ನ ಅಂಜಸಾಕ ಮಾಡಿದ್ದು ದೊಡ್ಡಪ್ಪಾ! ಭಂಡಾರದ ಮಾತಂದ್ರ ನೀ ಕೇಳ್ತಿ, ಅಣ್ಣನ್ನ ಲಗೂನ ಕರಕೊಂಡ ಬರ್ತಿ ಅಂತ ಮಾಡಿದ್ದೆ. ಹೋಗಾವ್ರ ಬರಾವ್ರ ಕೈಯಾಗ ಹೇಳಿ ಕಳಿಸಿದ್ದೆ. ನಿಮ್ಮ ಕುರಿ ಹಟ್ಟಿ ಮುಂದಿನ ಊರಿಗೆ ಹೋಗಿತ್ತಂತ, ಸುದ್ದಿ ಮುಟ್ಟಲೇ ಇಲ್ಲ."

ಜಕ್ಕಪ್ಪನ ಕೈ ಮಗನ ಭುಜದಿಂದ ಜಾರಿತು.

"ಕಾನೂನು ಮಾಡಿದ ಸಭೆಗೆ ತಿದ್ದೂ ಅಧಿಕಾರನೂ ಇರ್ತೈತಿ" ಎಂದಳು ಪೂರ್ಣಿಮಾ. "ಯಾರ ಮ್ಯಾಲ ಕಾನೂನು ಬಿತ್ತೋ ಅಂವನ್ನ ಕೇಳಲಾರದ ಮಾಡಿದ್ವಿ. ತಪ್ಪು ನಂದು. ಈಗ ತಿದ್ದುಪಡಿ ತರ್ರಿ."

ಅಂದಾನೆಪ್ಪ ಎದ್ದ. "ಶಿಕ್ಷಾ ಹುಡುಗ್ರಿಗೆ ಬ್ಯಾಡ್ರಿ. ಸಾಲಿ ಬಿಡಿಸಿ ಒಯ್ದ ಹಿರ್ಯಾರನ್ನ ಹೊರಗ ನಿಲ್ಲಸೂಣು." ಹಾಗೆಂದವನು ಜಕ್ಕಪ್ಪನನ್ನು ನೋಡಿ ನಾಲಗೆ ಕಚ್ಚಿಕೊಂಡ.

ಒಂದು ಕೈ ಎದ್ದಿತು, ಇನ್ನೊಂದು ಎದ್ದಿತು. ಬೆಂಚಿನಿಂದ ಬೆಂಚಿಗೆ ಹಬ್ಬಿತು. "ನೀನೂ ಸದಸ್ಯ ಅದಿಯಪಾ" ಎಂದು ಟೀಚರು ಹೊಸ್ತಿಲಾಚೆಗೆ ಕೂಗಿದಳು. ಭೀಮಶಿ ಅಪ್ಪನ ಮುಖ ನೋಡಿದ. ತನ್ನ ಕೈ ಮಾತ್ರ ಎತ್ತಲಿಲ್ಲ.

ಭಂಡಾರ ಬೀಳದೆ ಇದು ನಿಲ್ಲುವುದಿಲ್ಲವೆಂದು ಅಲ್ಲಿದ್ದ ಕೂಸುಕೂಸಿಗೂ ಗೊತ್ತು. ಇದ್ದ ಭಂಡಾರವೋ ಜಕ್ಕಪ್ಪನ ಸೊಂಟದ ಚೀಲದಲ್ಲಿ. ಶಿಕ್ಷೆ ಬೀಳುವವನನ್ನೇ ಕೊಡು ಎಂದು ಹೇಗೆ ಕೇಳುವುದು?

ಜಕ್ಕಪ್ಪ ಕಣ್ಣು ಮುಚ್ಚಿದ. ತುಟಿ ಏನೋ ಅಂದಿತು. ಚೀಲ ಬಿಚ್ಚಿ ಒಂದು ಹಿಡಿ ತೆಗೆದು ಖೋಲಿಯೊಳಗೆ ತೂರಿದ. "ಒಳಗ ನಡಿ" ಎಂದು ಮಗನನ್ನು ದೂಡಿದ.

ಮುಂದೆ ನಡೆದದ್ದನ್ನು ಅವಳು ಎಣಿಸಿರಲಿಲ್ಲ. ಅವನು ಮೆಟ್ಟಿಲಿಳಿದು ನಡು ಅಂಗಳಕ್ಕೆ ಹೋದ. ಕಂಬಳಿ ಕೆಳಗಿಟ್ಟು, ಬಿಸಿಲಲ್ಲಿ ಬರಿಗಾಲಲ್ಲಿ ಕೈಕಟ್ಟಿ ನಿಂತ.

"ಅಯ್ಯ ಯಜಮಾನ್ರ, ಬ್ಯಾಡ್ರಿ! ನೆರಳಿಗೆ ಬರ್ರಿ!" ಎಂದು ಪೂರ್ಣಿಮಾ ಓಡಿದಳು.

"ಭಂಡಾರ ಬಿದ್ದೈತಲ್ರಿ ಅಕ್ಕೋರ. ಎಲ್ಲೀತನ ನಿಂದ್ರಬೇಕು ಅನ್ನೂದಷ್ಟ ಹೇಳ್ರಿ. ಅದನ್ನ ನೀವು ಹೇಳಲಿಲ್ಲ."

ಅವಳು ದಿಗಿಲುಬಿದ್ದು ಬಾಗಿಲ ಕಡೆ ತಿರುಗಿದಳು. ಮಕ್ಕಳೆಲ್ಲ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಈಗಷ್ಟೇ ಜಾಗ ಸಿಕ್ಕಿದ್ದ ಭೀಮಶಿ ಅರಿಶಿನ ಬಿದ್ದ ತಲೆ ಎತ್ತಿ, ತಡವರಿಸುತ್ತ ಕೈ ಎತ್ತಿದ. "ಅಕ್ಕೋರ, ನಂದೊಂದು ತಿದ್ದುಪಡಿ ಐತ್ರಿ."