ತೆರೆಯದ ಹದಿನಾರು ಕಣ್ಣು

ಬೋಗುಣಿಯ ಸುತ್ತ ಎಂಟು ದೇವದೂತ ಶಿಶುಗಳು. ಕತ್ತಿನ ಕೆಳಗೆ ಮೈಯೇ ಇಲ್ಲ, ಬರೀ ಒಂದೊಂದು ಜೋಡಿ ರೆಕ್ಕೆ. ತಳದಲ್ಲಿ ಕುಂಬಳಕಾಯಿ ಹೋಳಿನಂತೆ ಉಬ್ಬಿದ ಪಟ್ಟಿಗಳು, ಕಂಬದ ಮೇಲೆ ಎಲೆಬಳ್ಳಿ. ಸ್ಪೇನಿನ ಯಾವುದೋ ಇಗರ್ಜಿಯಲ್ಲಿ ನಾನೂರು ವರ್ಷದಿಂದ ನಿಂತಿರುವ ದೀಕ್ಷಾಸ್ನಾನದ ಕಲ್ಲುತೊಟ್ಟಿಯ ಫೋಟೋ ಅದು. ಸಾಂಟಾ ಕ್ಲಾರಾದ ಒಂದು ಚರ್ಚಿಗೆ ಅಂಥದೇ ಬೇಕಂತೆ. ಶಿವಾರಪಟ್ಟಣದ ಶಿಲ್ಪಿ ವೆಂಕಟಾಚಲನಿಗೆ ಮೊದಲ ದಿನ ನಗು ಬಂದಿತ್ತು.

ಅವನನ್ನು ಕರೆಸಿಕೊಂಡವರು ಸನ್ನಿವೇಲ್‌ನ ಇಂಜಿನಿಯರ್ ದ್ವಾರಕಾನಾಥ. ೧೯೮೩ರಲ್ಲಿ, ಗಣಪತಿ ಕೆತ್ತಲು ಆರು ತಿಂಗಳು ಎಂದು ಕಡಲು ದಾಟಿಸಿ ಕರೆತಂದು, ಗಿಲ್‌ರಾಯ್‌ನ ಶೆಡ್ಡಿನಲ್ಲಿ ಇಳಿಸಿ, "ಸೇಫಾಗಿರಲಿ" ಎಂದು ಪಾಸ್‌ಪೋರ್ಟು ಇಸಕೊಂಡಿದ್ದರು. ಒಂದು ಕೆಲಸದ ಬಾಲಕ್ಕೆ ಇನ್ನೊಂದು ಕಟ್ಟುತ್ತ ಮೂರು ವರ್ಷ ಕಳೆದವು. ಸುತ್ತ ಬೆಳ್ಳುಳ್ಳಿ ಹೊಲ, ಆಚೆ ಫ್ರೀವೇ. ಶೆಡ್ಡಿಗೆ ಬೀಗ ಹಾಕುತ್ತಿರಲಿಲ್ಲ, ಪಾಪ, ಬೇಕಾಗಿಯೂ ಇರಲಿಲ್ಲ. ಹೊರಟ ಮೇಲೆ ಹುಟ್ಟಿದ ಮಗಳು ಇಂದುವನ್ನು ಅವನು ಫೋಟೋದಲ್ಲಷ್ಟೇ ನೋಡಿದ್ದ.

"ಈ ತೊಟ್ಟಿ ಮುಗೀಲಿ, ಪಾಸ್‌ಪೋರ್ಟು ಕೊಟ್ಬಿಡ್ತೀನಿ. ದೇವರಾಣೆ," ಎಂದಿದ್ದರು ದ್ವಾರಕಾನಾಥ.

ನಾಲ್ಕು ತಿಂಗಳಲ್ಲಿ ಎಲ್ಲ ಮುಗಿಯಿತು, ಕಣ್ಣುಗಳಷ್ಟನ್ನು ಬಿಟ್ಟು. ಅವನ ಮನೆತನದಲ್ಲಿ ಕಣ್ಣು ತೆರೆಯುವುದು, ಅಂದರೆ ಉಳಿಯಿಂದ ಪಾಪೆ ಮೂಡಿಸುವುದು, ಕೊನೆಗೆ, ಮಾಡಿಸಿದವರು ಮುಹೂರ್ತ ಹೇಳಿದ ಮೇಲೆ. ಅಭ್ಯಾಸಬಲ, ಹದಿನಾರು ಕಣ್ಣುಗಳನ್ನೂ ನುಣ್ಣಗೆ ಬಿಟ್ಟು ಕಾದ. ಮುಹೂರ್ತದ ಬದಲು ಲಾರಿ ಬಂತು. ಫೋಟೋದಲ್ಲಿಯೂ ಕಣ್ಣು ಸವೆದುಹೋಗಿದ್ದರಿಂದ ಇದು ಥೇಟ್ ಹಾಗೇ ಇದೆ ಎಂದು ಪಾದ್ರಿಗಳು ಸಂತೋಷಪಟ್ಟು ಒಯ್ದರು.

ಸಂಜೆ ವೆಂಕಟಾಚಲ ಪಾಸ್‌ಪೋರ್ಟು ಕೇಳಿದ. ದ್ವಾರಕಾನಾಥ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಹೇಳಿದರು. "ಕಣ್ಣು ತೆರೀದೆ ಕೆಲಸ ಮುಗಿಯಲ್ಲ ಅಂತ ನೀನೇ ಹೇಳ್ತಿದ್ದೆಯಲ್ಲಪ್ಪ. ಮುಗೀದೇ ಇರೋದಕ್ಕೆ ನಾನೇನು ಮಾಡ್ಲಿ? ಇನ್ನೊಂದು ಆರ್ಡರು ಬಂದಿದೆ, ಅದನ್ನ ಪೂರ್ತಿ ಮಾಡು, ನೋಡೋಣ."

ಅಪ್ಪ ಕಲಿಸಿದ ನೇಮವೇ ಕೊರಳಿಗೆ ಉರುಳಾಯಿತು. ಅವನಿಗೆ ಸಿಟ್ಟಿಗಿಂತ ಮೊದಲು ನಾಚಿಕೆಯಾಯಿತು.

ಭಾನುವಾರ ಹೊಸ ತೊಟ್ಟಿಯಲ್ಲಿ ಮೊದಲ ದೀಕ್ಷಾಸ್ನಾನ. ಶಿಲ್ಪಿಯನ್ನು ತೋರಿಸಿ ಮೆರೆಯಬೇಕಲ್ಲ, ದ್ವಾರಕಾನಾಥ ತಮ್ಮದೇ ಹಳೇ ಕೋಟು ತೊಡಿಸಿ ಕರೆದೊಯ್ದರು. ಪಾದ್ರಿಗಳು ಕೂಸಿನ ನೆತ್ತಿಗೆ ನೀರು ಹೊಯ್ದು ಹೆಸರಿಟ್ಟರು. ಅಳತೊಡಗಿದ ಕೂಸನ್ನು ಅದರ ತಂದೆ ಎದೆಗೆ ಒತ್ತಿಕೊಂಡ. ವೆಂಕಟಾಚಲ ಕೋಟಿನ ಜೇಬು ಮುಟ್ಟಿ ನೋಡಿಕೊಂಡ. ಆಮೇಲೆ ಪಾದ್ರಿಗಳು ಅವನ ಕೈ ಹಿಡಿದು ಏನೋ ಕೇಳಿದರು.

"ನಿಂಗೇನು ಬೇಕು ಅಂತಿದಾರೆ. ಥ್ಯಾಂಕ್ಯೂ ಅಂದ್ಬಿಡು, ಸಾಕು," ಎಂದರು ದ್ವಾರಕಾನಾಥ.

ವೆಂಕಟಾಚಲ ಕೋಟಿನ ಜೇಬಿನಿಂದ ಸಣ್ಣ ಉಳಿ, ಸುತ್ತಿಗೆ ತೆಗೆದ. ಉಳಿಯ ಮೊನೆಯನ್ನು ಒಂದು ಶಿಶುವಿನ ಕಣ್ಣಿಗೆ ಮುಟ್ಟಿಸಿ, ವಾರವಿಡೀ ಶೆಡ್ಡಿನಲ್ಲಿ ಉರುಹೊಡೆದದ್ದನ್ನು ಹೇಳಿದ.

"ಫಾದರ್. ಐಸ್ ಓಪನ್, ವರ್ಕ್ ಫಿನಿಷ್. ವರ್ಕ್ ಫಿನಿಷ್, ಹೀ ಗಿವ್ ಮೈ ಪಾಸ್‌ಪೋರ್ಟ್. ತ್ರೀ ಇಯರ್, ನೋ ಗಿವ್."

ಕೂಸಿನ ತಂದೆ ತಿರುಗಿದ. ಬೆಂಚಿನವರೂ ತಿರುಗಿದರು. ಆ ಇಗರ್ಜಿಯಲ್ಲಿ ದ್ವಾರಕಾನಾಥರನ್ನು ನೋಡದೆ ಉಳಿದವರು ಎಂಟು ಶಿಶುಗಳು ಮಾತ್ರ.

ಪಾದ್ರಿಗಳು ತೊಟ್ಟಿಯಿಂದ ಒಂದು ಹೆಜ್ಜೆ ಹಿಂದೆ ಸರಿದರು. "ಓಪನ್," ಎಂದರು.

ವೆಂಕಟಾಚಲ ಮೊದಲ ಏಟು ಹಾಕಿದ.